ಹೂ ಮಳೆ ಆದ ಮೇಲೆ ಕಾಫಿ ತೋಟದಲ್ಲಿ ಕೊಳೆ ರೋಗ ಹುಡುಕುವುದು ಹೇಗೆ

ಕೊಳೆ ರೋಗ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಜುಲೈ, ಆಗಸ್ಟ್ ತಿಂಗಳು. ಹಿಡಿದ ಮಳೆ ಬಿಡುವುದಿಲ್ಲ. ತೋಟದೊಳಗೆ ಮಧ್ಯಾಹ್ನವೂ ಮಬ್ಬು. ಗಿಡದಲ್ಲಿ ಕಪ್ಪಾದ ಎಲೆಗಳು ಬಾವಲಿಗಳ ಹಾಗೆ ನೇತಾಡುತ್ತಿರುತ್ತವೆ. ಆಗ ಓಡಾಟ ಶುರುವಾಗುತ್ತದೆ. ಮೈಲುತುತ್ತ (ಕಾಪರ್ ಸಲ್ಫೇಟ್) ತರಬೇಕು, ಆಳು ಹುಡುಕಬೇಕು, ಮಳೆ ಒಂದು ದಿನವಾದರೂ ಬಿಡುವು ಕೊಡಬೇಕು. ಈ ಮೂರೂ ಒಟ್ಟಿಗೆ ಸಿಕ್ಕುವುದು ಬಹಳ ಕಷ್ಟ.

ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಹೆಚ್ಚಿನದು ಅರೇಬಿಕಾ. 2019ರ ಆಗಸ್ಟ್ ಮಳೆಯಲ್ಲಿ ಹಳ್ಳದ ಬದಿಯ ಜಾಗದಲ್ಲಿ ಎಲೆ, ಕಾಯಿ ಎರಡೂ ಕೊಳೆತು ಹೋದವು. ಆ ವರ್ಷ ಮಳೆಗೆ ಮುಂಚೆ ಔಷಧಿ ಹೊಡೆಸುವುದು ತಡವಾಗಿತ್ತು. ಮುಂದಿನ ಬೇಸಿಗೆಯಲ್ಲಿ ಅದೇ ಗಿಡಗಳ ಬುಡದಲ್ಲಿ ಕೂತು ಮೇಲಕ್ಕೆ ನೋಡಿದೆ. ರೋಗ ಎಲ್ಲಿಗೂ ಹೋಗಿರಲಿಲ್ಲ. ರೆಕ್ಕೆಗಳ, ಅಂದರೆ ಗಿಡದ ಅಡ್ಡ ಕೊಂಬೆಗಳ, ಅಡಿಭಾಗಕ್ಕೆ ಸಣ್ಣ ನೂಲಿನ ಹಾಗೆ ಅಂಟಿಕೊಂಡು ಒಣಗಿ ಕೂತಿತ್ತು. ಅವತ್ತಿನಿಂದ ನಾನು ಕೊಳೆ ರೋಗವನ್ನು ಏಪ್ರಿಲ್, ಮೇ ತಿಂಗಳಲ್ಲೇ ಹುಡುಕುತ್ತೇನೆ. ಹೇಗೆ ಹುಡುಕುತ್ತೇನೆ, ಸಿಕ್ಕಿದ ಮೇಲೆ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದ ದಾರಿ ತಿಳಿಯಿರಿ

ಇದು ಬೂಸ್ಟಿನ ಜಾತಿಯ ರೋಗ, ಅಂದರೆ ಶಿಲೀಂಧ್ರದಿಂದ ಬರುವುದು. ಇದರ ವೈಜ್ಞಾನಿಕ ಹೆಸರು 'ಕೊಳೆರೋಗ ನಾಕ್ಸಿಯಾ'. ಹೌದು, ನಮ್ಮ ಕನ್ನಡದ ಮಾತೇ ಪ್ರಪಂಚದ ಪುಸ್ತಕಗಳಲ್ಲಿ ಕೂತಿದೆ. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಮೈಸೂರು ಸೀಮೆಯ ಕಾಫಿ ಎಲೆಯ ಮೇಲಿದ್ದ ಈ ಬೂಸ್ಟಿಗೆ ಹೆಸರಿಡುವಾಗ, ಬೆಳೆಗಾರರು ಕರೆಯುತ್ತಿದ್ದ 'ಕೊಳೆರೋಗ'ವನ್ನೇ ಸೇರಿಸಿದ. ನಮ್ಮ ಹಿರಿಯರು ಇದನ್ನು ಎಷ್ಟು ಕಾಲದಿಂದ ನೋಡುತ್ತಾ ಬಂದಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ.

ಕೊಪ್ಪ, ಶೃಂಗೇರಿ ಕಡೆಯವರಿಗೆ ಇಲ್ಲೊಂದು ಮಾತು. ಅಡಿಕೆಗೆ ಬರುವ ಕೊಳೆ ರೋಗ ಬೇರೆ, ಕಾಫಿಗೆ ಬರುವುದು ಬೇರೆ. ಹೆಸರು ಒಂದೇ, ಮಳೆಗಾಲ ಒಂದೇ, ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣವೂ ಒಂದೇ. ಆದರೆ ಅಡಿಕೆಯಲ್ಲಿ ಕೆಲಸ ಮಾಡುವುದು ಫೈಟಾಫ್ತೊರಾ ಅನ್ನುವ ಬೇರೆಯೇ ಜೀವಿ. ಹಾಗಾಗಿ ಅಡಿಕೆ ಕೊಳೆಯಿತು, ಇನ್ನು ಅದು ಕಾಫಿಗೂ ಹತ್ತುತ್ತದೆ ಅಂತ ಹೆದರಬೇಕಾಗಿಲ್ಲ.

ಕಾಫಿಯ ಕೊಳೆ ಬದುಕುವುದು ಹೀಗೆ. ಮಳೆಗಾಲ ಮುಗಿದ ಮೇಲೆ ಅದು ಸಾಯುವುದಿಲ್ಲ. ಸಣ್ಣ ರೆಕ್ಕೆಗಳ ತೊಗಟೆಗೆ ಎಳೆಎಳೆಯಾಗಿ ಅಂಟಿಕೊಂಡು ಬೇಸಿಗೆ ಕಳೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ಮಂಜು ಕವಿದಾಗ ಆ ಎಳೆಗೆ ಜೀವ ಬರುತ್ತದೆ. ರೆಕ್ಕೆಯ ಉದ್ದಕ್ಕೂ ಹರಿದು, ಎಲೆಯ ತೊಟ್ಟು ದಾಟಿ, ಎಲೆಯ ಅಡಿಭಾಗಕ್ಕೆ ಹರಡಿಕೊಳ್ಳುತ್ತದೆ. ಎಲೆ ಕಪ್ಪಾಗಿ ಗಿಡದಿಂದ ಕಳಚಿದರೂ ನೆಲಕ್ಕೆ ಬೀಳುವುದಿಲ್ಲ, ಬೂಸ್ಟಿನ ಎಳೆಗೆ ತಗುಲಿ ನೇತಾಡುತ್ತದೆ. ಗಾಳಿಗೆ ಪಕ್ಕದ ಎಲೆಗೆ ತಾಗುತ್ತದೆ, ಅಲ್ಲೂ ಹಿಡಿಯುತ್ತದೆ. ಎಲೆ, ಕಾಯಿ, ರೆಕ್ಕೆ ಒಂದಕ್ಕೊಂದು ಒತ್ತಿಕೊಂಡಿರುವ ಗಿಡದಲ್ಲಿ ಈ ರೋಗಕ್ಕೆ ದಾರಿ ಸಲೀಸು.

ಇದನ್ನು ತಿಳಿದುಕೊಂಡರೆ ಮುಂದಿನ ಕೆಲಸ ತಾನಾಗೇ ಅರ್ಥವಾಗುತ್ತದೆ. ಎಳೆ ಒಣಗಿ ಕೂತಿರುವಾಗಲೇ ಕತ್ತರಿಸಿ ತೆಗೆಯಬೇಕು. ಅದು ಹರಿಯುವ ದಾರಿ ಮುರಿಯಬೇಕು. ಉಳಿದ ಎಲೆಗೆ ಮಳೆಗೆ ಮುಂಚೆ ತಾಮ್ರದ ಹೊದಿಕೆ ಕೊಡಬೇಕು.

ಯಾವಾಗ ನೋಡಬೇಕು

ಹೂ ಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಒಂದು ಇಂಚು ಬಿತ್ತು ಅಂದುಕೊಳ್ಳಿ. ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ಅರಳಿದ ದಿನಗಳಲ್ಲಿ ಗಿಡ ಮುಟ್ಟಬೇಡಿ, ಔಷಧಿಯಂತೂ ಬೇಡವೇ ಬೇಡ. ಜೇನು ತೋಟ ತುಂಬಾ ಇರುತ್ತದೆ. ಹೂವು ಕಂದಾಗಿ ಉದುರಿ, ಕಾಯಿ ಕಚ್ಚಿದ ಮೇಲೆ ನೋಡಲು ಶುರು ಮಾಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅಶ್ವಿನಿ ಮಳೆಯಿಂದ ಭರಣಿ ಮಳೆಯ ಕೊನೆಯವರೆಗೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ 10ರ ಆಸುಪಾಸು.

ಕೃತ್ತಿಕಾ ಮಳೆಗೆ ಬಿಟ್ಟುಕೊಳ್ಳಬೇಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಜೂನ್ ಮೊದಲ ವಾರದ ಲೆಕ್ಕ ಇಟ್ಟುಕೊಂಡವರಿಗೆ ಔಷಧಿ ಹೊಡೆಯಲು ದಿನವೇ ಸಿಗಲಿಲ್ಲ.

ಎಲ್ಲಿ ನೋಡಬೇಕು

ಇಡೀ ತೋಟ ಒಂದೇ ಸಮ ಸುತ್ತಿದರೆ ಕಾಲು ನೋವು ಅಷ್ಟೇ. ಈ ರೋಗ ತೇಪೆ ತೇಪೆಯಾಗಿ ಬರುತ್ತದೆ, ಹೆಚ್ಚುಕಮ್ಮಿ ಪ್ರತಿ ವರ್ಷ ಅದೇ ಜಾಗದಲ್ಲಿ. ಹಳ್ಳದ ಬದಿ, ಗಾಳಿ ಆಡದ ತಗ್ಗು, ಬೆಳಿಗ್ಗೆ ತಡವಾಗಿ ಬಿಸಿಲು ಬೀಳುವ ಇಳಿಜಾರು, ದಟ್ಟ ಹಲಸಿನ ಮರದ ಅಡಿ, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆಗದೆ ಬಿಟ್ಟ ಹಾಲುವಾಣದ ನೆರಳು ಮರಗಳ ಸಾಲು. ಮೊದಲು ಈ ಜಾಗಗಳಿಗೆ ಹೋಗಿ. ಹೋದ ಮಳೆಗಾಲದಲ್ಲಿ ಎಲ್ಲಿ ಕೊಳೆತಿತ್ತು ಅಂತ ನಿಮ್ಮ ಮೇಸ್ತ್ರಿಯನ್ನು ಕೇಳಿ. ಕಳೆ ತೆಗೆದವರಿಗೆ, ಕಾಯಿ ಕೊಯ್ದವರಿಗೆ ಆ ಗಿಡಗಳು ನೆನಪಿರುತ್ತವೆ. ಅಲ್ಲಿ ಕುಕ್ಕೆ ತುಂಬಿರಲಿಲ್ಲ ನೋಡಿ, ಹಾಗಾಗಿ.

ಉಳಿದ ಜಾಗದಲ್ಲಿ ಅಡ್ಡಾದಿಡ್ಡಿ ನಡೆದು ಅಲ್ಲೊಂದು ಇಲ್ಲೊಂದು ಗಿಡ ನೋಡಿದರೆ ಸಾಕು.

ಗಿಡದಲ್ಲಿ ಏನು ನೋಡಬೇಕು

ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಮೇಲಿಂದ ಗಿಡ ಹಸಿರಾಗೇ ಇರುತ್ತದೆ. ಕುಕ್ಕರಗಾಲಲ್ಲಿ ಕೂತು, ಒಂದು ರೆಕ್ಕೆಯನ್ನು ಮೆಲ್ಲಗೆ ಬಗ್ಗಿಸಿ, ಅದರ ಅಡಿಭಾಗ ಮೇಲೆ ಬರುವ ಹಾಗೆ ತಿರುಗಿಸಿ. ಗಿಡದ ನಡುವಿನಲ್ಲಿರುವ, ಬೆಳಕು ಕಾಣದ ರೆಕ್ಕೆಗಳಿಂದ ಶುರು ಮಾಡಿ.

ಮೊದಲ ಗುರುತು, ಹೋದ ವರ್ಷದ ಎಲೆ. ಕಪ್ಪಾಗಿ, ಸುರುಟಿ, ಕೈಯಲ್ಲಿ ಹಿಡಿದರೆ ಪುಡಿಯಾಗುವ ಎಲೆ ಇನ್ನೂ ರೆಕ್ಕೆಗೆ ಅಂಟಿಕೊಂಡಿರುತ್ತದೆ. ಏಪ್ರಿಲ್ ಗಾಳಿಗೂ ಬಿದ್ದಿರುವುದಿಲ್ಲ. ಕೆಲವು ಕಡೆ ಒಣಗಿದ ಕಾಯಿಯೂ ಹಾಗೇ ಅಂಟಿರುತ್ತದೆ.

ಎರಡನೆಯದು ಆ ಎಳೆ. ಎಲೆ ಅಂಟಿರುವ ಜಾಗದಿಂದ ಹಿಂದಕ್ಕೆ ರೆಕ್ಕೆಯ ಅಡಿಭಾಗವನ್ನು ನೋಡುತ್ತಾ ಬನ್ನಿ. ಹೊಲಿಗೆ ನೂಲಿಗಿಂತ ಸಣ್ಣದಾಗಿ, ಬೂದಿ ಅಥವಾ ಕಂದು ಬಣ್ಣದ ಎಳೆಗಳು ತೊಗಟೆಗೆ ಒತ್ತಿಕೊಂಡು ಹೋಗಿರುತ್ತವೆ. ಕಣ್ಣಿಗೆ ಸರಿಯಾಗಿ ಹಿಡಿಯದಿದ್ದರೆ ಸಣ್ಣ ಭೂತಗನ್ನಡಿ ಇಟ್ಟುಕೊಳ್ಳಿ.

ನನಗೆ ಮೊದಲ ವರ್ಷ ಇದು ಜೇಡರ ಬಲೆ ಅನ್ನಿಸಿ ಬಿಟ್ಟು ಬರುತ್ತಿದ್ದೆ. ನಮ್ಮ ಮೇಸ್ತ್ರಿ ಹಿಂದಿನಿಂದ ಕರೆದು ನಿಲ್ಲಿಸಿದರು. "ಗೌಡ್ರೆ, ಇದು ಬಲೆ ಅಲ್ಲ. ಉಗುರಲ್ಲಿ ಕೆರೆದು ನೋಡಿ." ಕೆರೆದೆ. ಬಲೆಯಾಗಿದ್ದರೆ ಬೆರಳಿಗೆ ಸುತ್ತಿಕೊಂಡು ಬಂದುಬಿಡುತ್ತಿತ್ತು. ಇದು ಬರಲಿಲ್ಲ. ತೊಗಟೆಯ ಜೊತೆ ಸ್ವಲ್ಪ ಸ್ವಲ್ಪವೇ ಸಿಪ್ಪೆಯ ಹಾಗೆ ಎದ್ದಿತು. ಅವರು ಅದೇ ಎಳೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋಗುತ್ತಾ ಒಂದು ಗೇಣು ದೂರದಲ್ಲಿ ನಿಲ್ಲಿಸಿ, "ಇಲ್ಲಿವರೆಗೆ ಬಂದಿದೆ" ಅಂದರು. ಈಗಲೂ ಅನುಮಾನ ಬಂದಾಗ ನಾನು ಮಾಡುವುದು ಇದೇ ಉಗುರಿನ ಪರೀಕ್ಷೆ.

ಎಲೆ ತುಕ್ಕು ರೋಗದ ಜೊತೆ ಇದನ್ನು ಬೆರೆಸಬೇಡಿ. ತುಕ್ಕು ಬಂದ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಇರುತ್ತದೆ, ಬೆರಳಿಗೆ ಹತ್ತುತ್ತದೆ, ಎಲೆ ಉದುರಿ ನೆಲಕ್ಕೆ ಬೀಳುತ್ತದೆ. ಕೊಳೆಯಲ್ಲಿ ಎಲೆ ನೇತಾಡುತ್ತದೆ. ಇನ್ನು ತುದಿಯಿಂದ ಒಣಗಿಕೊಂಡು ಬಂದ ರೆಕ್ಕೆ, ಎಲೆಯೆಲ್ಲ ಉದುರಿ ಬೋಳಾಗಿದ್ದರೆ, ಅದು ಕಾಯಿ ಭಾರಕ್ಕೋ ಬಿಸಿಲಿಗೋ ಒಣಗಿದ್ದು ಇರಬಹುದು. ಎಳೆ ಕಂಡರೆ ಮಾತ್ರ ಕೊಳೆ ಅಂತ ಲೆಕ್ಕ ಹಿಡಿಯಿರಿ.

ಎಳೆ ಕಂಡ ಗಿಡಕ್ಕೆ ಆ ಕೂಡಲೇ ಬಣ್ಣದ ಟೇಪು ಕಟ್ಟಿ. ಆಮೇಲೆ ಕಟ್ಟೋಣ ಅಂತ ಬಂದರೆ ಗಿಡ ಮತ್ತೆ ಸಿಗುವುದಿಲ್ಲ, ಎಲ್ಲವೂ ಒಂದೇ ತರಹ ಕಾಣುತ್ತವೆ.

ಕತ್ತರಿಸುವುದು

ಟೇಪು ಕಟ್ಟಿದ ಗಿಡಕ್ಕೆ ಕತ್ತರಿ ಹಿಡಿದು ಒಬ್ಬರು, ಚೀಲ ಹಿಡಿದು ಒಬ್ಬರು ಹೋಗಲಿ. ಎಳೆ ಎಲ್ಲಿಗೆ ಮುಗಿದಿದೆಯೋ ಅದಕ್ಕಿಂತ ಮೂರ್ನಾಲ್ಕು ಇಂಚು ಹಿಂದೆ, ಚೊಕ್ಕಟ ತೊಗಟೆ ಇರುವಲ್ಲಿ ಕತ್ತರಿಸಿ. ಆ ರೆಕ್ಕೆಯಲ್ಲಿ ಈ ವರ್ಷದ ಕಾಯಿ ಕಚ್ಚಿದ್ದರೆ ಕೈ ಹಿಂದೆ ಬರುತ್ತದೆ, ನನಗೂ ಬರುತ್ತದೆ. ಆದರೂ ತೆಗೆಯಿರಿ. ಅದನ್ನು ಬಿಟ್ಟರೆ ಆಗಸ್ಟ್‌ನಲ್ಲಿ ಆ ಕಾಯಿಯೂ ಹೋಗುತ್ತದೆ, ಅಕ್ಕಪಕ್ಕದ್ದೂ ಹೋಗುತ್ತದೆ.

ಕತ್ತರಿಸಿದ್ದನ್ನು ಸಾಲಿನಲ್ಲಿ ಬಿಸಾಡಬೇಡಿ. ಚೀಲಕ್ಕೆ ಹಾಕಿ ತೋಟದಿಂದ ಹೊರಗೆ ತಂದು ಸುಡಿ. ಏಪ್ರಿಲ್ ತಿಂಗಳಲ್ಲಿ ದರಗು ಇನ್ನೂ ಒಣಗಿರುತ್ತದೆ, ಕಾಡಿನ ಅಂಚಿನ ತೋಟವಾದರೆ ಬೆಂಕಿ ಹಬ್ಬುವ ಭಯ ಇದ್ದೇ ಇದೆ. ಒಂದು ಮಳೆ ಬಿದ್ದ ಮಾರನೆಯ ದಿನ, ಬಯಲಲ್ಲಿ, ನೀರು ಪಕ್ಕದಲ್ಲಿಟ್ಟುಕೊಂಡು ಸುಡುವುದು ಒಳ್ಳೆಯದು.

ಇದೇ ಹೊತ್ತಿನಲ್ಲಿ ಗಿಡದ ನಡುವನ್ನೂ ಬಿಡಿಸಿ. ಕಾಂಡದ ಸುತ್ತ ಸುಮಾರು ಅರ್ಧ ಅಡಿ ದೂರದೊಳಗಿನ ಸಣ್ಣ ಚಿಗುರು, ಒಂದರ ಮೇಲೊಂದು ಅಡ್ಡ ಬಂದ ರೆಕ್ಕೆ, ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ಎಲ್ಲ ತೆಗೆದರೆ ಗಾಳಿ ಬೆಳಕು ಒಳಗೆ ಹೋಗುತ್ತದೆ. ಬೂಸ್ಟಿಗೆ ಒಂದು ಎಲೆಯಿಂದ ಇನ್ನೊಂದಕ್ಕೆ ದಾಟುವ ಸೇತುವೆ ಇಲ್ಲದ ಹಾಗೆ ಆಗುತ್ತದೆ. ನೆಲ ಮುಟ್ಟುವ ರೆಕ್ಕೆಗಳನ್ನೂ ತೆಗೆಯಿರಿ.

ನೆರಳು ಎಷ್ಟು ತೆಗೆಯಬೇಕು

ಇಲ್ಲಿ ತುಂಬಾ ಜನ ಎಡವುತ್ತಾರೆ. ಕೊಳೆ ಬಂತು ಅಂತ ಸಿಟ್ಟಿನಲ್ಲಿ ಮರ ಬೋಳಿಸಿಬಿಡುತ್ತಾರೆ. ಅರೇಬಿಕಾಕ್ಕೆ ಅದು ಇನ್ನೊಂದು ಕಷ್ಟ ತರುತ್ತದೆ. ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್, ಮೇ ತಿಂಗಳಲ್ಲಿ, ಆಮೇಲೆ ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಬಿಸಿಲು ಬಿದ್ದ ಕಾಂಡ ಅಂದರೆ ಅದಕ್ಕೆ ಇಷ್ಟ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಕೊಳೆಯಿಂದ ಒಂದು ವರ್ಷದ ಕಾಯಿ ಹೋಗಬಹುದು, ಕೊರಕದಿಂದ ಗಿಡವೇ ಹೋಗುತ್ತದೆ.

ಹಾಗಾಗಿ ನಾನು ತಗ್ಗಿನ ಜಾಗ, ಟೇಪು ಕಟ್ಟಿದ ಜಾಗಗಳಲ್ಲಿ ಮಾತ್ರ ಜಾಸ್ತಿ ತೆಗೆಸುತ್ತೇನೆ. ಹಾಲುವಾಣದ ಮರಗಸಿಯನ್ನು ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಇಟ್ಟುಕೊಳ್ಳುತ್ತೇನೆ. ಕಡಿದ ಕೊಂಬೆ ಗಿಡದ ಮೇಲೆ ಬಿದ್ದಿದ್ದರೆ ಅವತ್ತೇ ಎತ್ತಿಸಬೇಕು. ಗಿಡದ ಮೇಲೆ ಕೊಳೆಯುವ ಸೊಪ್ಪು ಬೂಸ್ಟಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಜೊತೆಗೆ ಬಸಿಗಾಲುವೆ, ನೀರು ಇಂಗಲು ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗಳ ಮಣ್ಣು ತೆಗೆಸಿಬಿಡಿ.

ಬೋರ್ಡೋ ತಯಾರಿ

ದ್ರಾಕ್ಷಿ ತೋಟದ ದಾರಿಬದಿ ಸಾಲುಗಳಿಗೆ, ದಾರಿಹೋಕರು ಹಣ್ಣು ಕೀಳದಿರಲಿ ಅಂತ ತುತ್ತ, ಸುಣ್ಣ ಬಳಿಯುತ್ತಿದ್ದರಂತೆ ಫ್ರಾನ್ಸಿನ ಬೋರ್ಡೋ ಊರಿನ ಕಡೆ. ಆ ಸಾಲುಗಳಿಗೆ ಮಾತ್ರ ರೋಗ ಬರಲಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಮೈಸೂರು ಸರ್ಕಾರದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆ ಕೊಳೆಗೆ ತಂದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೂ ಅವರ ಕಾಲದಲ್ಲೇ. ನೂರು ವರ್ಷದ ಮೇಲೂ ಇಷ್ಟು ಅಗ್ಗದ, ಇಷ್ಟು ನಂಬಿಕಸ್ತ ಔಷಧಿ ಕೊಳೆಗೆ ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ. ಆದರೆ ಸರಿಯಾಗಿ ಮಾಡಿದರೆ ಮಾತ್ರ.

ಕೊಳೆ ಬರುವ ಜಾಗಕ್ಕೆ ಶೇಕಡಾ 1ರ ದ್ರಾವಣ ಬೇಕು. 200 ಲೀಟರಿನ ಒಂದು ಬ್ಯಾರೆಲ್‌ಗೆ 2 ಕೆಜಿ ಮೈಲುತುತ್ತ, 2 ಕೆಜಿ ಒಳ್ಳೆ ಸುಟ್ಟ ಸುಣ್ಣ. ಬರೀ ಎಲೆ ತುಕ್ಕಿಗೆ ಹೊಡೆಯುವ ಅರೇಬಿಕಾ ಜಾಗಕ್ಕೆ ಇದರ ಅರ್ಧ ಸಾಕು, ಅಂದರೆ ತಲಾ 1 ಕೆಜಿ. ಇಡೀ ತೋಟಕ್ಕೆ ಶೇಕಡಾ 1 ಹೊಡೆದು ದುಡ್ಡು ಸುರಿಯಬೇಕಾಗಿಲ್ಲ. ಟೇಪು ಕಟ್ಟಿದ ಗಿಡ, ಅದರ ಸುತ್ತಲಿನ ಸಾಲು, ತಗ್ಗು ಜಾಗ, ಇಷ್ಟಕ್ಕೆ ಗಟ್ಟಿ ದ್ರಾವಣ.

ಹಿಂದಿನ ದಿನ ಸಂಜೆ ಮೈಲುತುತ್ತವನ್ನು ಸಣ್ಣ ಗೋಣಿ ಚೀಲಕ್ಕೆ ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ 100 ಲೀಟರ್ ನೀರಿನಲ್ಲಿ ಮೇಲ್ಭಾಗದಲ್ಲೇ ಮುಳುಗುವ ಹಾಗೆ ಕೋಲಿಗೆ ನೇತು ಹಾಕಿ. ತಳಕ್ಕೆ ಹಾಕಿದರೆ ಬೇಗ ಕರಗುವುದಿಲ್ಲ. ಮೇಲೆ ನೇತು ಹಾಕಿದರೆ ನೀಲಿ ಬಣ್ಣ ಎಳೆಎಳೆಯಾಗಿ ಕೆಳಗೆ ಇಳಿಯುವುದು ಕಾಣುತ್ತದೆ, ಬೆಳಿಗ್ಗೆಗೆ ಚೀಲ ಖಾಲಿ. ಕಬ್ಬಿಣದ ಡ್ರಮ್ಮು, ಕಬ್ಬಿಣದ ಬಕೆಟ್ಟು ಬೇಡ, ತುತ್ತ ಅದನ್ನು ತಿಂದುಬಿಡುತ್ತದೆ.

ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿ, ಕುದಿದು ತಣ್ಣಗಾದ ಮೇಲೆ ಹಾಲಿನ ಹಾಗೆ ಕದಡಿ, ಬಟ್ಟೆಯಲ್ಲಿ ಸೋಸಿ 100 ಲೀಟರ್ ಮಾಡಿಕೊಳ್ಳಿ. ಸೋಸದಿದ್ದರೆ ನಾಝಲ್ ಪದೇ ಪದೇ ಕಟ್ಟಿಕೊಂಡು ಅರ್ಧ ದಿನ ಅದರಲ್ಲೇ ಹೋಗುತ್ತದೆ. ಬಿಸಿ ಇರುವಾಗ ತುತ್ತದ ಜೊತೆ ಬೆರೆಸಬೇಡಿ.

ಈಗ ತುತ್ತದ ನೀರನ್ನು ಸುಣ್ಣದ ಹಾಲಿಗೆ ಮೆಲ್ಲಗೆ ಸುರಿಯಿರಿ, ಮರದ ಕೋಲಿನಲ್ಲಿ ತಿರುಗಿಸುತ್ತಲೇ ಇರಿ. ಸುಣ್ಣವನ್ನು ತುತ್ತಕ್ಕೆ ಹಾಕಿದರೆ ದ್ರಾವಣದ ಗರಣೆ (ಹೆಪ್ಪು) ದಪ್ಪವಾಗಿ ಬೇಗ ತಳ ಹಿಡಿಯುತ್ತದೆ. ಸರಿಯಾಗಿ ಬಂದ ಬೋರ್ಡೋ ತಿಳಿ ಆಕಾಶದ ಬಣ್ಣ ಇರುತ್ತದೆ.

ಆಮೇಲೆ ಕತ್ತಿಯ ಪರೀಕ್ಷೆ. ಉಜ್ಜಿ ಹೊಳಪು ಬಂದ ಕತ್ತಿಯ ಬಾಯಿಯನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಲೆ, ಎಳೆಕಾಯಿ ಸುಡುತ್ತವೆ. ಇನ್ನಷ್ಟು ಸುಣ್ಣದ ಹಾಲು ಹಾಕಿ ಮತ್ತೆ ಅದ್ದಿ ನೋಡಿ. ಒಂದು ವರ್ಷ ಅಂಗಡಿಯಲ್ಲಿ ತಂದ ಸುಣ್ಣ ಹಳೆಯದಾಗಿತ್ತು, ಗಾಳಿ ಕುಡಿದು ಸತ್ತಿತ್ತು. ಲೆಕ್ಕದ 2 ಕೆಜಿ ಹಾಕಿದರೂ ಕತ್ತಿ ಕೆಂಪಾಗುತ್ತಲೇ ಇತ್ತು. ಆ ಒಂದು ನಿಮಿಷ ಕಾದಿದ್ದರಿಂದ ನಮ್ಮ ಚಿಗುರು ಉಳಿಯಿತು. ತೂಕ ಸರಿಯಿದೆ ಅಂತ ಈ ಪರೀಕ್ಷೆ ಬಿಡಬೇಡಿ.

ಮಾಡಿದ ದಿನವೇ ಹೊಡೆದು ಮುಗಿಸಿ. ಮಾರನೆಯ ದಿನಕ್ಕೆ ಉಳಿಸಿದ್ದು ಎಲೆಗೆ ಸರಿಯಾಗಿ ಅಂಟುವುದಿಲ್ಲ.

ಹೊಡೆಯುವುದು

ಎಲೆ ಒಣಗಿರಬೇಕು, ಹೊಡೆದ ಮೇಲೆ ಕೆಲವು ಗಂಟೆ ಮಳೆ ಇರಬಾರದು. ಮೇ ತಿಂಗಳಲ್ಲಿ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಅಲ್ವಾ, ಅದಕ್ಕೇ ಇಬ್ಬನಿ ಆರಿದ ಕೂಡಲೇ ಶುರು ಮಾಡಿ. ಬೂಸ್ಟು ಹರಿಯುವುದು ಎಲೆಯ ಅಡಿಯಲ್ಲಿ, ರೆಕ್ಕೆಯ ಅಡಿಯಲ್ಲಿ. ಹಾಗಾಗಿ ನಾಝಲ್ ಕೆಳಗಿನಿಂದ ಮೇಲಕ್ಕೆ, ಗಿಡದ ಒಳಗಿನಿಂದ ಹೊರಕ್ಕೆ ಹಿಡಿಯಬೇಕು. ಆಮೇಲೆ ಮೇಲಿಂದ ಒಂದು ಸಲ. ಗಿಡದ ಹೊರಗೆ ನಿಂತು ಸುಮ್ನೆ ಮೇಲೆ ಬೀಸಿಕೊಂಡು ಹೋದರೆ ನೋಡಲು ತೋಟ ನೀಲಿ ಆಗುತ್ತದೆ, ರೋಗಕ್ಕೆ ಏನೂ ಆಗುವುದಿಲ್ಲ. ನಾನು ಹತ್ತು ಗಿಡಕ್ಕೊಂದು ಎಲೆ ತಿರುಗಿಸಿ ನೋಡುತ್ತೇನೆ. ಅಡಿಯಲ್ಲಿ ಹನಿ ಒಣಗಿದ ನೀಲಿ ಚುಕ್ಕೆ ಇಲ್ಲದಿದ್ದರೆ ಆ ಸಾಲು ಮತ್ತೆ.

ಹೊಡೆಯುವವರಿಗೆ ಗ್ಲೌಸು, ಕನ್ನಡಕ, ಮುಖಕ್ಕೆ ಬಟ್ಟೆ ಕೊಡಿ. ಸುಣ್ಣ ಕಣ್ಣಿಗೆ ಸಿಡಿದರೆ ಬಹಳ ಕಷ್ಟ. ಡ್ರಮ್ಮು, ಪಂಪು ಹಳ್ಳದಲ್ಲಿ ತೊಳೆಯಬೇಡಿ, ತಾಮ್ರ ಮೀನಿಗೆ ವಿಷ. ನಮ್ಮ ತಾಲ್ಲೂಕಿನಲ್ಲೇ ಹೇಮಾವತಿ ಹುಟ್ಟುತ್ತಾಳೆ, ಕೆಳಗೆ ಹಾಸನದವರೆಲ್ಲ ಆ ನೀರು ಕುಡಿಯುತ್ತಾರೆ.

ಬೇರೆ ಶಿಲೀಂಧ್ರನಾಶಕಗಳೂ ಇವೆ. ಅವುಗಳ ಉಳಿಕೆ ಕಾಫಿ ಬೀಜದಲ್ಲಿ ಮಿತಿ ಮೀರಿ ಇರಬಾರದು ಅನ್ನುವ ನಿಯಮ ಹೊರದೇಶಗಳಲ್ಲಿ ಬಿಗಿಯಾಗಿದೆ. ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ಆ ವರ್ಷದ ಸಲಹೆ ಕೇಳದೆ, ಅಂಗಡಿಯವರ ಮಾತಿನ ಮೇಲೆ ತರಬೇಡಿ. ಬೋರ್ಡೋ ಜೊತೆ ಬೆರೆಸಲೂ ಬೇಡಿ.

ಮಳೆ ಹಿಡಿದ ಮೇಲೆ

ಜೂನ್ ಮಧ್ಯದಿಂದ, ಆದಷ್ಟು ಹತ್ತು ದಿನಕ್ಕೊಮ್ಮೆ ಟೇಪು ಕಟ್ಟಿದ ಗಿಡಗಳ ಹತ್ತಿರ ಹೋಗಿ. ಮೊದಲು ಚೊಕ್ಕಟ ಜಾಗ ನೋಡಿ, ಕೊನೆಗೆ ರೋಗದ ಜಾಗಕ್ಕೆ ಹೋಗಿ. ಮರದಿಂದ ಬಿದ್ದು ಗಿಡದ ಮೇಲೆ ಕೂತ ದರಗನ್ನು ಕೈಯಲ್ಲಿ ಉದುರಿಸಿ. ನೇತಾಡುವ ಕಪ್ಪು ಎಲೆ ಕಂಡರೆ ಎಳೆ ಸಮೇತ ತೆಗೆದು ಚೀಲಕ್ಕೆ ಹಾಕಿ. ಪುನರ್ವಸು, ಪುಷ್ಯ ಮಳೆಯ ನಡುವೆ ಎಲ್ಲಾದರೂ ಒಂದೆರಡು ದಿನ ಬಿಡುವು ಸಿಕ್ಕರೆ, ಆ ಜಾಗಗಳಿಗೆ ಮಾತ್ರ ಶೇಕಡಾ 1ರ ಬೋರ್ಡೋ ಇನ್ನೊಂದು ಸಲ ಹೊಡೆಸಿ. ಅದಕ್ಕೆ ಬೇಕಾದ ತುತ್ತ, ಸುಣ್ಣ ಮೇ ತಿಂಗಳಲ್ಲೇ ತಂದು, ಸುಣ್ಣವನ್ನು ಗಾಳಿ ಆಡದ ಡಬ್ಬದಲ್ಲಿ ಮುಚ್ಚಿಟ್ಟಿರಬೇಕು.

ಈ ಸುತ್ತಾಟದಲ್ಲಿ ಹೊಸದಾಗಿ ರೋಗ ಕಂಡ ಗಿಡಗಳಿಗೆ ಬೇರೆ ಬಣ್ಣದ ಟೇಪು ಕಟ್ಟಿ. ನಾನು ಹೋದ ವರ್ಷದ್ದಕ್ಕೆ ಕೆಂಪು, ಈ ವರ್ಷದ್ದಕ್ಕೆ ಹಳದಿ ಇಟ್ಟುಕೊಂಡಿದ್ದೇನೆ. ತೋಟದ ಒಂದು ಅಂದಾಜು ನಕ್ಷೆ ನೋಟ್ ಬುಕ್ಕಿನಲ್ಲಿದೆ. ಯಾವ ಸಾಲು, ಎಷ್ಟು ಗಿಡ, ಯಾವ ಮರದ ಅಡಿ, ಬೋರ್ಡೋ ಹೊಡೆದ ತಾರೀಖು, ಆಮೇಲೆ ಎಷ್ಟು ದಿನಕ್ಕೆ ಮಳೆ ಬಂತು, ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ), ಎಲ್ಲ ಅದರಲ್ಲಿ ಬರೆಯುತ್ತೇನೆ. ಹಳ್ಳದ ಬದಿಯ ಆ ಜಾಗದಲ್ಲಿ ಈಗಲೂ ಟೇಪು ಇದೆ. ಮುಂದಿನ ಅಶ್ವಿನಿ ಮಳೆ ಬಿದ್ದ ಮೇಲೆ ಮೊದಲು ಕೂತು ನೋಡುವುದು ಅಲ್ಲೇ.